ಹಿತಾಳಿಗೊಂದು ಬೇರೆ ಅರ್ಜಿ

“ಇದು ಯಾರಿಗೆ?”

ಸ್ವರ್ಣಲತಾ ಸೊಸೆಯ ಸೂಟ್‌ಕೇಸಿನಿಂದ ಕೆಂಪು ಜಾಕೆಟ್ಟೊಂದನ್ನು ಎಳೆದು ಸೋಫಾದ ಮೇಲೆ ಎಸೆದರು. “ಹೋಗ್ಲಿಕ್ಕೇ ಇಲ್ಲದ ಮಗುವಿಗೆ ಶಿಕಾಗೋದ ಚಳಿ ಎಂತಕ್ಕೆ? ಅದೂ ನೋಡು, ತೋಳು ಬೆರಳು ದಾಟಿ ನೇತಾಡೀತು. ಅಳತೆ ಗೊತ್ತಾಗ್ಬೇಕಾದ್ರೆ ಹೆತ್ತಿರ್ಬೇಕು!”

ಸ್ಪಂದನಾ ಅಬುಧಾಬಿಯಿಂದ ಆಗಷ್ಟೇ ಹಿಂತಿರುಗಿದ್ದಳು. ಕಾಲಿನ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಅಲ್ಲಿಯ ಹಮ್ದಾನ್ ಸ್ಟ್ರೀಟಿನ ಕಚೇರಿಯಲ್ಲಿ ವಲಸೆ ಸಲಹೆಗಾರ ರಿಝ್ವಾನ್ ಹೇಳಿದ ಮಾತು ಅವಳ ಕಿವಿಯಲ್ಲಿ ಇನ್ನೂ ಮೊರೆಯುತ್ತಿತ್ತು. ಕಾರಿನಿಂದಲೇ ಗಂಡ ಸುಮಿತ್ ತನ್ನ ತಾಯಿಗೆ ಫೋನಿನಲ್ಲಿ ಎಲ್ಲವನ್ನೂ ತಿಳಿಸಿದ್ದ. ಇನ್ನೊಂದು ಗಂಟೆ ತಡೆದು ಹೇಳಬಾರದಿತ್ತೇ ಎಂದು ಅವಳಿಗೆ ಈಗ ಅನ್ನಿಸಿತು.

ಸ್ಪಂದನಾ ಶಿಕಾಗೋದಲ್ಲಿ ನರ್ಸ್, ರಜೆಯಲ್ಲಿ ಬಂದಿದ್ದಳು. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ದುಬೈಯ ಸುಮಿತನನ್ನು ಮದುವೆಯಾದವಳು. ಸುಮಿತನ ಮೊದಲ ಹೆಂಡತಿ ನಯನಾ ತೀರಿಕೊಂಡಾಗ ಹಿತಾ ಇನ್ನೂ ತೊಟ್ಟಿಲಲ್ಲಿದ್ದಳು. ದುಬೈಯ ಅಲ್ ನಹ್ದಾದ ಈ ಫ್ಲಾಟಿನಲ್ಲಿ ಆ ಮಗುವನ್ನು ಎದೆಗವಚಿಕೊಂಡು ಸಾಕಿದ್ದು ಸ್ವರ್ಣಲತಾ. ಮದುವೆಯಾದ ವರ್ಷವೇ ಸ್ಪಂದನಾ ಗಂಡನಿಗಾಗಿ ಅಮೆರಿಕದ ವಾಸದ ಅರ್ಜಿ ಹಾಕಿದ್ದಳು, ಅದರಲ್ಲಿ ಮಗಳ ಹೆಸರನ್ನೂ ಬರೆದಿದ್ದಳು. ಆ ಅರ್ಜಿ ಇನ್ನೂ ಸರದಿಯಲ್ಲಿತ್ತು. ಈ ನಡುವೆ ಅವಳಿಗೇ ಪೌರತ್ವದ ಅರ್ಹತೆ ಬಂತು, ಸಂದರ್ಶನವೂ ಮುಗಿಯಿತು. ಮುಂದಿನ ವಾರ ಪ್ರಮಾಣ ವಚನ. ಹೆಂಡತಿ ಅಮೆರಿಕದ ಪ್ರಜೆಯಾದರೆ ಗಂಡ ಸರದಿ ಕಾಯಬೇಕಾಗಿಯೇ ಇಲ್ಲ ಎಂದು ಮನೆಯವರೆಲ್ಲ ಹಿಗ್ಗಿದ್ದರು.

ಎಡವಿದ್ದು ಅಲ್ಲೇ. ಕೊಲ್ಲಿಯಲ್ಲಿ ಅಪ್ಪನ ವೀಸಾ ಇದ್ದರೆ ಮಗುವಿನದು ಅದರ ಬೆನ್ನಿಗೇ ಬರುತ್ತದೆ. ಅದೇ ರೂಢಿಯಲ್ಲಿ ಬದುಕಿದವರು ಅಮೆರಿಕದ ಲೆಕ್ಕವೂ ಹಾಗೆಯೇ ಎಂದು ನಂಬಿಬಿಟ್ಟಿದ್ದರು.

“ನೀವು ಗ್ರೀನ್ ಕಾರ್ಡಿನಲ್ಲಿ ಇರುವವರೆಗೆ ಮಗು ಅಪ್ಪನ ಅರ್ಜಿಯ ಜೊತೆ ಬರ್ತದೆ ಮೇಡಂ,” ಎಂದಿದ್ದ ರಿಝ್ವಾನ್. “ಪ್ರಮಾಣ ಮಾಡಿದ ಕೂಡಲೇ ಗಂಡನ ಅರ್ಜಿ ಮೇಲಿನ ವರ್ಗಕ್ಕೆ ಹೋಗ್ತದೆ. ಆ ವರ್ಗದಲ್ಲಿ ಜೊತೆಗೆ ಬರುವವರು ಅಂತ ಯಾರೂ ಇಲ್ಲ. ಮಗುವಿಗೆ ಬೇರೆಯೇ ಅರ್ಜಿ ಬೇಕು. ಅದು ಮೊದಲಿನಿಂದ ಶುರು... ವರ್ಷ ಹಿಡಿದೀತು, ಹೆಚ್ಚೂ ಆದೀತು.”

“ಪ್ರಮಾಣವನ್ನೇ ಬಿಟ್ಟರೆ?” ಎಂದು ಕೇಳಿದ್ದಳು ಸ್ಪಂದನಾ.

“ಅಪ್ಪ, ಮಗು ಇಬ್ಬರೂ ಒಟ್ಟಿಗೆ ಹೋಗಬಹುದು. ಆದರೆ ಸರದಿ ಯಾವಾಗ ಬರ್ತದೆ ಅಂತ ನಾನು ಹೇಳಲಾರೆ. ಹೇಳುವವರನ್ನು ನೀವು ನಂಬಲೂ ಬೇಡಿ.”

ಸ್ವರ್ಣಲತಾ ಈಗ ಸೊಸೆಯ ಮುಂದೆಯೇ ಬಂದು ನಿಂತರು. “ನಿನಗೆ ಇದು ಮೊದಲೇ ಗೊತ್ತಿತ್ತು ಅಲ್ವಾ? ಗಂಡ ಬೇಕು, ಗಂಡನ ಮಗು ಬೇಡ! ಹೇಳಿಬಿಡು ಮಾರಾಯ್ತಿ, ಖಲಾಸ್. ಅವನನ್ನು ಕರ್ಕೊಂಡು ಹೋಗು. ನನ್ನ ನಯನಾಳ ಮಗು ನನ್ನ ಹತ್ರ ಇರ್ತದೆ.”

“ಎಲ್ಲಿ ಇರ್ತದೆ ಅತ್ತೆ?” ಸ್ಪಂದನಾಳ ಧ್ವನಿ ಏರಲಿಲ್ಲ. “ಈ ಮನೆಯಲ್ಲಿ ನಿಮ್ಮ ವೀಸಾ, ಹಿತಾಳ ವೀಸಾ ಎರಡೂ ಇವರ ವೀಸಾದ ಮೇಲೆ ನಿಂತಿದೆ. ಇವರು ಹೊರಟರೆ ನೀವಿಬ್ಬರೂ ಇಲ್ಲಿ ಇರ್ಲಿಕ್ಕಿಲ್ಲ.”

ಸ್ವರ್ಣಲತಾ ಮಗನ ಮುಖ ನೋಡಿದರು. ಸುಮಿತ್ ತಲೆ ತಗ್ಗಿಸಿ ಕಾರಿನ ಕೀಲಿಯನ್ನು ತಿರುವುತ್ತಾ ಕುಳಿತಿದ್ದ. ರಾಸ್ ಅಲ್ ಖೋರಿನಲ್ಲಿ ಅವನು ಸರ್ವಿಸ್ ಮ್ಯಾನೇಜರ್ ಆಗಿದ್ದ ಗ್ಯಾರೇಜು ಈ ತಿಂಗಳ ಕೊನೆಗೆ ಮುಚ್ಚುವುದಿತ್ತು. ಅದಕ್ಕೇ ಅವನಿಗೆ ಅಮೆರಿಕಕ್ಕೆ ಹೊರಡುವ ಆತುರ.

“ಅಮ್ಮ ಹೇಳುವುದರಲ್ಲಿಯೂ...” ಅವನು ಮೆಲ್ಲನೆ ಅಂದ. “ನಾನು ಮೊದಲು ಹೋಗ್ತೇನೆ ಸ್ಪಂದನಾ. ಅಮ್ಮ, ಹಿತಾ ಉಡುಪಿಯಲ್ಲಿ ಅಕ್ಕನ ಮನೆಯಲ್ಲಿ ಇರ್ಲಿ. ಒಂದು ವರ್ಷ, ಎರಡು ವರ್ಷ... ಕಳೆದುಹೋಗ್ತದೆ.”

“ಯಾರಿಗೆ ಕಳೆದುಹೋಗ್ತದೆ?”

ಆಗಲೇ ಒಳಗಿನ ಕೋಣೆಯ ಬಾಗಿಲಲ್ಲಿ ಹಿತಾ ನಿಂತಿದ್ದುದು ಕಂಡಿತು. ಎಂಟು ವರ್ಷದ ಹುಡುಗಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ!

“ಮಮ್ಮಿ, ಆಮ್ ಐ ನಾಟ್ ಕಮಿಂಗ್?”

ಹುಡುಗಿ ಉತ್ತರಕ್ಕೆ ಕಾಯಲಿಲ್ಲ, ಅಳಲೂ ಇಲ್ಲ. ಸೋಫಾದ ಮೇಲಿನ ಜಾಕೆಟ್ಟನ್ನು ಎತ್ತಿ, ಮಡಚಿ, ಸೂಟ್‌ಕೇಸಿನೊಳಗೆ ವಾಪಸ್ ಇಟ್ಟಳು... ಅದು ತನ್ನದಲ್ಲ ಎನ್ನುವ ಹಾಗೆ.

ಸ್ಪಂದನಾ ಮಂಡಿಯೂರಿ ಕುಳಿತು ಮಗುವಿನ ಭುಜ ಹಿಡಿದಳು. “ಬರ್ತೀಯ. ಇವತ್ತು ನಾಳೆ ಅಲ್ಲ, ತಡ ಆಗ್ತದೆ. ನಿನ್ನ ಹೆಸರಿಗೇ ಒಂದು ಅರ್ಜಿ ಹಾಕ್ತೇನೆ. ಅದು ಆಗುವವರೆಗೆ ಪಪ್ಪ ಇಲ್ಲಿಂದ ಹೊರಡುವುದಿಲ್ಲ.”

ಮತ್ತೆ ಎದ್ದು ಗಂಡನತ್ತ ತಿರುಗಿದಳು. “ದಾರಿಯುದ್ದಕ್ಕೂ ಇದನ್ನೇ ಯೋಚಿಸಿದ್ದೇನೆ. ಪ್ರಮಾಣ ಮಾಡುವ ಮೊದಲೇ ಹಿತಾಳ ಅರ್ಜಿ ಹೋಗ್ಬೇಕು. ಮದುವೆಯಾದಾಗ ಇವಳು ಚಿಕ್ಕವಳು; ಕಾನೂನಿನಲ್ಲಿ ಇವಳು ನನ್ನ ಮಗಳೇ. ಪ್ರಮಾಣ ಮಾಡಿದರೆ ಇವಳೂ ಸರದಿ ಕಾಯ್ಬೇಕಾಗಿಲ್ಲ, ಅರ್ಜಿ ನೋಡಿ ಮುಗಿಸುವ ಸಮಯ ಮಾತ್ರ. ಅಲ್ಲಿಯವರೆಗೆ ನೀವು ಬರ್ಬೇಡಿ.”

“ನನ್ನ ಕೆಲಸವೇ ಹೋಗ್ತಾ ಉಂಟಲ್ಲ!”

“ಬಾವನವರು ಕರೆದಿದ್ದರಲ್ಲ?”

ಸುಮಿತನ ಮುಖ ಕೆಂಪಾಯಿತು. ರಾಸ್ ಅಲ್ ಖೋರಿನಲ್ಲೇ ಪಕ್ಕದ ಗಲ್ಲಿಯಲ್ಲಿ ಗ್ಯಾರೇಜು ಇಟ್ಟಿದ್ದ ಬಾವ, ಅಕ್ಕನ ಗಂಡ, ಕರೆದಿದ್ದು ನಿಜ. ಆದರೆ ಮ್ಯಾನೇಜರ್ ಕುರ್ಚಿಗಲ್ಲ, ಗಾಡಿಯಡಿ ಮಲಗಿ ಸ್ಪಾನರ್ ಹಿಡಿಯುವ ಕೆಲಸಕ್ಕೆ. “ನನ್ನ ಕೈಕೆಳಗೆ ಇದ್ದವರ ಜೊತೆ...” ಎಂದು ಶುರುಮಾಡಿದವನು ಸೂಟ್‌ಕೇಸಿನ ಪಕ್ಕ ನಿಂತ ಮಗಳನ್ನು ನೋಡಿ ಅಲ್ಲಿಗೇ ನಿಲ್ಲಿಸಿದ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಎದ್ದ. “ಸರಿ. ನಾಳೆ ಬೆಳಿಗ್ಗೆ ಹೋಗಿ ಬಾವನ ಹತ್ರ ಮಾತಾಡ್ತೇನೆ. ವೀಸಾ ಅವನು ಹಾಕ್ತೇನೆ ಅಂದಿದ್ದ.”

“ಅತ್ತೆ, ಹಿತಾಳ ಜನನ ಪ್ರಮಾಣಪತ್ರ ಬೇಕು.”

ಸ್ವರ್ಣಲತಾ ಬೆಚ್ಚಿದರು. ಅದು ಅವರ ಕಪಾಟಿನಲ್ಲಿ, ನಯನಾಳ ಮದುವೆ ಸೀರೆಯ ಮಡಿಕೆಯಲ್ಲಿತ್ತು. “ಕೊಡುವುದಿಲ್ಲ! ಅದನ್ನೂ ಕೊಟ್ಟ ಮೇಲೆ ನನಗೆ ಎಂತ ಉಳೀತದೆ? ಇವಳ ಸ್ಕೂಲ್ ಬಸ್ಸಿಗೆ ಎದ್ದು ಎದ್ದು ನನ್ನ ಬೆಳಗಾಗ್ತದೆ... ನೀವೆಲ್ಲ ಹೋಗಿ. ನನ್ನನ್ನು?”

ಸುಳ್ಳು ಸಮಾಧಾನ ಹೇಳುವುದು ಸುಲಭವಿತ್ತು. ಸ್ಪಂದನಾ ಹೇಳಲಿಲ್ಲ. “ನಿಮ್ಮನ್ನು ಈಗ ಕರ್ಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುವುದಿಲ್ಲ ಅತ್ತೆ. ಸೊಸೆ ಅತ್ತೆಗೆ ಅರ್ಜಿ ಹಾಕುವ ಕಾನೂನಿಲ್ಲ. ಇವರು ಅಲ್ಲಿಯ ಪ್ರಜೆಯಾದ ಮೇಲೆ ಮಗನಾಗಿ ಹಾಕಬಹುದು. ಅದಕ್ಕೆ ವರ್ಷಗಳು ಬೇಕು. ಅಷ್ಟು ದಿನ ನೀವು ಉಡುಪಿಯಲ್ಲೇ ಇರಬೇಕಾಗ್ತದೆ.” ಅವಳು ಹಿತಾಳ ತಲೆ ಸವರಿದಳು. “ಆದರೆ ಇವಳನ್ನು ಸಾಕಿದ್ದು ನೀವು. ನೀವು ಕಳಿಸಿದ್ರೆ ಮಾತ್ರ ನಾನು ಕರ್ಕೊಳ್ತೇನೆ. ಕಿತ್ಕೊಂಡು ಹೋಗುವುದಿಲ್ಲ.”

ಸ್ವರ್ಣಲತಾ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಡುಗೆಮನೆಯಲ್ಲಿ ಮಧ್ಯಾಹ್ನದ ಅನ್ನ ತಣ್ಣಗಾಯಿತು. ಒಳಗಿನಿಂದ ಕಪಾಟು ತೆರೆದ ಸದ್ದು ಬಂತು, ಆಮೇಲೆ ಅದುಮಿದ ಬಿಕ್ಕಳಿಕೆ... ಬಹಳ ಹೊತ್ತು.

ಹೊರಬಂದಾಗ ಅವರ ಕಣ್ಣು ಊದಿಕೊಂಡಿತ್ತು. ಒಂದು ಕೈಯಲ್ಲಿ ಪ್ರಮಾಣಪತ್ರ, ಇನ್ನೊಂದರಲ್ಲಿ ಸೂಜಿ ದಾರ. ಪತ್ರವನ್ನು ಸೊಸೆಯ ಮಡಿಲಿಗೆ ಹಾಕಿ, ಜಾಕೆಟ್ಟನ್ನು ಸೂಟ್‌ಕೇಸಿನಿಂದ ಹೊರತೆಗೆದರು.

“ಬಾ ಇಲ್ಲಿ ಮಗಾ, ಕೈ ನೀಡು.”

ಹಿತಾ ತೋಳು ತೂರಿಸಿದಳು. ಬೆರಳು ಕಾಣಲೇ ಇಲ್ಲ.

“ಅಳತೆ ತಪ್ಪಿ ತಂದದ್ದಲ್ಲ ಅತ್ತೆ,” ಎಂದಳು ಸ್ಪಂದನಾ. “ಈ ಚಳಿಗಾಲಕ್ಕೆ ಹೋಗ್ಲಿಕ್ಕೆ ಆಗದಿದ್ರೆ ಮುಂದಿನದಕ್ಕಾದ್ರೂ ಆಗ್ಲಿ ಅಂತ ಒಂದು ಸೈಜು ದೊಡ್ಡದು ತಂದೆ.”

ಸ್ವರ್ಣಲತಾ ಒಂದು ಕ್ಷಣ ಸೊಸೆಯನ್ನೇ ನೋಡಿದರು. ಬಳಿಕ ತೋಳಿನ ಅಂಚನ್ನು ಎರಡು ಮಡಿಕೆ ಮಡಚಿ, ಸೂಜಿ ಚುಚ್ಚಿದರು.

“ಗಟ್ಟಿಯಾಗಿ ಹೊಲಿಯುವುದಿಲ್ಲ,” ಎಂದರು. “ಇವಳು ಬೆಳೆದ ಹಾಗೆ ನೀನೇ ಬಿಚ್ಚು.”