ಮೂರನೆಯ ಪರದೆ

ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಸೊಸೆ ಮೂರನೆಯ ಪರದೆಯ ಅಂಚು ಮಡಚುತ್ತಿದ್ದಳು. ಮೊದಲಿನ ಎರಡು ಪರದೆಗಳು ಸಾಧಾರಣ ಕಿಟಕಿಯ ಅಳತೆಯವು. ಇದು ಮಾತ್ರ ಸೂರಿನಿಂದ ನೆಲದವರೆಗೆ, ಎರಡು ಮಂಚದಷ್ಟು ಅಗಲ. ಇಷ್ಟು ದೊಡ್ಡ ಕಿಟಕಿ ಯಾರ ಮನೆಯಲ್ಲಿರುತ್ತದಪ್ಪಾ ಎಂದುಕೊಂಡಿದ್ದಳು, ಕೇಳಿರಲಿಲ್ಲ.

ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇನ್ನೊಂದು ಕೆಲಸ ಕಾಯುತ್ತಿತ್ತು. ಅವಳ ಅಮ್ಮ ಬಿಟ್ಟುಹೋದ ಪುಟ್ಟ ಮನೆಯ ಮಾರಾಟದ ಕಾಗದ. 'ಗೊತ್ತಿರುವ ದೋಷಗಳು' ಎಂಬ ಸಾಲಿನ ಮುಂದೆ ಗಂಡ ಪೆನ್ಸಿಲಿನಲ್ಲಿ 'ಇಲ್ಲ' ಎಂದು ಬರೆದಿಟ್ಟಿದ್ದ. "ಅದರ ಮೇಲೆ ಪೆನ್ನಾಡಿಸಿ ಸಹಿ ಹಾಕು, ಸಾಕು" ಎಂದಿದ್ದ. ನಾಲ್ಕು ದಿನದಿಂದ ಅವಳು ಡ್ರಾಯರು ತೆರೆದಿರಲಿಲ್ಲ.

"ಹೊಲಿಗೆ ನಿಲ್ಸಿ ಅಕ್ಕಾ!" ಎನ್ನುತ್ತ ಆ ಪರದೆಗಳನ್ನು ಹೊಲಿಯಲು ಕೊಟ್ಟವರ ಮನೆಯಾಕೆ ಒಳಗೆ ಬಂದಳು. ಕಣ್ಣು ಕೆಂಪಾಗಿತ್ತು. "ಹೊಸದಾಗಿ ಕೊಂಡ ಆ ಮನೇಲಿ ನಾವಿರಲ್ಲ. ಒಂದು ಮಳೆಗೇ ಮಲಗೋ ಕೋಣೆ ಗೋಡೆ ಒದ್ದೆಮುದ್ದೆ. ಮಗಳಿಗೆ ಉಬ್ಬಸ ಅಂತ ಸಾರಿ ಸಾರಿ ಹೇಳಿದ್ದೆ. ಆ ನರ್ಸಮ್ಮ ಮುಚ್ಚಿಟ್ಟು ಮಾರಿದಾಳೆ. ನಾಳೆ ದೂರು ಕೊಡ್ತೀನಿ, ಮನೆ ವಾಪಸ್!"

ಒಳಗಿನಿಂದ ಅತ್ತೆ ಕನ್ನಡಕ ಒರೆಸಿಕೊಳ್ಳುತ್ತ ಬಂದರು. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ಬೀದಿಯಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಗುಮಾನಿ ಬಂದರೂ ಜನ ಹುಡುಕಿಕೊಂಡು ಬರುವುದು ಈ ಟೀಚರಮ್ಮನನ್ನೇ.

"ದೂರು ನಾಳೆಗಿರಲಿ. ಇವತ್ತು ಗೋಡೆ ನೋಡೋಣ. ನರ್ಸಮ್ಮ, ದಲ್ಲಾಳಿ, ನಿನ್ನ ಗಂಡ, ಮೂವರನ್ನೂ ಕರೆಸು," ಎಂದರು. ಸೊಸೆಯ ಕಡೆ ತಿರುಗಿ, "ನಿನ್ನ ಅಳತೆ ಪುಸ್ತಕ ತಗೋ" ಎಂದರು.

ಸಂಜೆ ಎಲ್ಲರೂ ಆ ಮನೆಯಲ್ಲಿ ಸೇರಿದರು. ಮಲಗುವ ಕೋಣೆಯ ಹಿಂಗೋಡೆಯಲ್ಲಿ ಹೊಸ ಬಣ್ಣ ಸುಟ್ಟ ಗಾಯದ ಗುಳ್ಳೆಗಳಂತೆ ಉಬ್ಬಿತ್ತು. ಸೊಸೆ ಕಣ್ಣಾಡಿಸಿದಳು. ಕೋಣೆಗೆ ಇದ್ದದ್ದು ಎರಡೇ ಕಿಟಕಿ. ಅವಳು ಅಳತೆ ಪುಸ್ತಕ ಬಿಚ್ಚಿ ಮೂರನೆಯ ಪರದೆಯ ಸಾಲು ಹುಡುಕಿದಳು.

ಮನೆ ಮಾರಿದ ನರ್ಸಮ್ಮ ನಿವೃತ್ತಿಯಾಗಿ ಆ ಹಣದಲ್ಲಿ ತಂಗಿಯ ಊರಿನಲ್ಲಿ ಒಂದು ಕೋಣೆ ಕೊಂಡಿದ್ದರು. ಈ ಮಾರಾಟ ಮುರಿದರೆ ಅದೂ ಹೋಗುತ್ತಿತ್ತು. "ನಾನು ಮುಚ್ಚಿಟ್ಟಿಲ್ಲ ಟೀಚರಮ್ಮ," ಎಂದರು, ದನಿ ನಡುಗಿಸದೆ. "ನೋಂದಣಿಗೆ ಮುಂಚೆ ಇವರು ಪರದೆ ಅಳತೆಗೆ ಕೀಲಿ ಬೇಕು ಅಂದ್ರು. ಕೀಲಿ ಹಾಕಿದ ಲಕೋಟೆಯಲ್ಲೇ ಮನೆಯ ದೋಷಗಳ ಪಟ್ಟೀನೂ ಇಟ್ಟೆ. ಮಳೇಲಿ ಈ ಗೋಡೆ ಜಿನುಗತ್ತೆ, ಬಚ್ಚಲ ಕೊಳವೆ ಎರಡು ಸಲ ಒಡೆದಿದೆ, ಎಲ್ಲಾ ಬರೆದಿದ್ದೆ. ಓದಿ ಬೇಡ ಅನ್ಸಿದ್ರೆ ಬಿಡ್ಲಿ ಅಂತ."

"ಹಂಗಾದ್ರೆ ಬಣ್ಣ ಯಾಕೆ ಬಳಿಸಿದ್ರಿ?" ಮನೆಯಾಕೆ ಹರಿಹಾಯ್ದಳು.

"ಬಳಿಸಿದ್ದು ನಾನು ಹೇಳಿದ್ದಕ್ಕೆ," ಎಂದ ದಲ್ಲಾಳಿ ಬೆವರೊರೆಸಿಕೊಳ್ಳುತ್ತ. "ಮನೆಪೂರ್ತಿ ಬಳಿಸಿದ್ವಿ. ಲಕೋಟೆ ಅಂಟಿಸಿದ್ದು ಅಂಟಿಸಿದ ಹಾಗೇ ಈ ಯಜಮಾನ್ರಿಗೆ ಕೊಟ್ಟೆ. ನಾನ್ಯಾಕೆ ಬಿಚ್ಲಿ?"

"ಅದರಲ್ಲಿ ಕೀಲಿ ಬಿಟ್ರೆ ಏನೂ ಇರ್ಲಿಲ್ಲ," ಎಂದ ಮನೆಯಾಕೆಯ ಗಂಡ, ಗೋಡೆ ನೋಡುತ್ತ. "ಇವರಿಬ್ಬರೂ ಸೇರ್ಕೊಂಡಿದಾರೆ."

ನರ್ಸಮ್ಮ ದಲ್ಲಾಳಿಯನ್ನು ನೋಡಿದರು, ದಲ್ಲಾಳಿ ನರ್ಸಮ್ಮನನ್ನು. ಯಾರನ್ನು ನಂಬುವುದೆಂದು ಯಾರಿಗೂ ಹೊಳೆಯಲಿಲ್ಲ.

"ಈ ಕೋಣೆಗೆ ಕಿಟಕಿ ಎಷ್ಟು?" ಅತ್ತೆ ಕೇಳಿದರು, ತರಗತಿಯಲ್ಲಿ ಕೇಳುವಂತೆ.

"ಎರಡು," ಎಂದಳು ಮನೆಯಾಕೆ.

ಅತ್ತೆ ಸೊಸೆಯ ಕಡೆ ತಿರುಗಿದರು. "ಪರದೆ ಎಷ್ಟು?"

ಸೊಸೆ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು. ಬಾಯಿಬಿಟ್ಟರೆ ಒಬ್ಬಳ ಸಂಸಾರ, ಮುಚ್ಚಿಕೊಂಡರೆ ಇನ್ನೊಬ್ಬಳ ಮಾನ. "ಮೂರು," ಎಂದಳು. "ಮೂರನೇದು ಈ ಗೋಡೆಯ ಅಳತೆ. ಈ ಮನೆ ಯಜಮಾನ್ರೇ ಬಂದು ಬರೆಸಿದ್ದು. ಪುಸ್ತಕದಲ್ಲಿ ತಾರೀಖಿದೆ, ನೋಂದಣಿಗೆ ಒಂಬತ್ತು ದಿನ ಮುಂಚೆ."

"ಪರದೆ ಅಲಂಕಾರಕ್ಕೆ!" ಮನೆಯಾಕೆಯ ಗಂಡ ನಕ್ಕ.

"ಮೂರು ಗೋಡೆ ಬಿಟ್ಟು ಇದೊಂದಕ್ಕೇನಾ?" ಅತ್ತೆ ಗೋಡೆಗೆ ಬೆರಳಿಟ್ಟರು. "ಬಣ್ಣ ನೋಡಿ ನನಗೂ ಮೊದಲು ನರ್ಸಮ್ಮನ ಮೇಲೇ ಅನುಮಾನ. ಆದ್ರೆ ಆ ಬಣ್ಣವೇ ಅವರ ಸಾಕ್ಷಿ. ನೀವು ಅಳತೆ ಕೊಟ್ಟಾಗ ಇನ್ನೂ ಮಳೆ ಬಂದಿರ್ಲಿಲ್ಲ. ನಾಲ್ಕೂ ಗೋಡೆ ಒಂದೇ ಹಾಗೆ ಹೊಳೀತಿತ್ತು. ನೋಡಿ ತಿಳಿಯೋಕೆ ಸಾಧ್ಯ ಇರ್ಲಿಲ್ಲ, ಓದಿಯೇ ತಿಳೀಬೇಕು. ದಲ್ಲಾಳಿ ಲಕೋಟೆ ಬಿಚ್ಚಿ ಪಟ್ಟಿ ತೆಗೆದಿದ್ರೆ, ನಿಮಗೆ ಯಾವ ಗೋಡೆ ಮುಚ್ಚಬೇಕು ಅಂತ ಹೇಗಪ್ಪಾ ಗೊತ್ತಾಯ್ತು? ಮಾರೋರು ಹೇಳಬೇಕಾದ್ದನ್ನ ಹೇಳಿದಾರೆ. ಕೊಂಡೋರು ಹೆಂಡತಿಗೆ ಹೇಳಿಲ್ಲ."

ಗಂಡ ಜೇಬಿನ ಕೈ ಹೊರಗೆ ತೆಗೆಯಲಿಲ್ಲ. "ಇಪ್ಪತ್ತೇಳು ಮನೆ ನೋಡಿದ್ವಿ," ಎಂದ ಕೊನೆಗೆ. "ಎಲ್ಲಕ್ಕೂ ಇವಳದು ಒಂದೊಂದು ತಕರಾರು. ಇದು ಕೆಲಸಕ್ಕೆ ಹತ್ರ. ಬೇಸಿಗೇಲಿ ರಿಪೇರಿ ಮಾಡಿಸಿದ್ರಾಯ್ತು ಅಂತ..."

"ಮಗಳ ಉಸಿರು ಬೇಸಿಗೆ ತನಕ ಕಾಯುತ್ತಾ?" ಎಂದಳು ಮನೆಯಾಕೆ. ಕೂಗಲಿಲ್ಲ. ನರ್ಸಮ್ಮನ ಕೈ ಹಿಡಿದುಕೊಂಡಳು. "ತಪ್ಪಾಯ್ತು ಅಮ್ಮಾ. ದೂರೂ ಇಲ್ಲ, ಮನೆ ವಾಪಸ್ಸೂ ಇಲ್ಲ. ರಿಪೇರಿ ಮುಗಿಯೋವರೆಗೆ ನಾನೂ ಮಗಳೂ ನಮ್ಮಕ್ಕನ ಮನೇಲಿರ್ತೀವಿ. ಇವರು ಇಲ್ಲೇ ಮಲಗ್ಲಿ, ಕೆಲಸಕ್ಕೆ ಹತ್ರ ಅಲ್ವಾ."

ದಾರಿಯಲ್ಲಿ ಅತ್ತೆ ಕೇಳಿದರು: "ಅಳತೆ ಬರ್ಕೊಳ್ಳೋವಾಗಲೇ ನಿಂಗೆ ಅನುಮಾನ ಬಂದಿತ್ತಲ್ವೇನೇ?"

"ಕೇಳೋದು ನನ್ನ ಕೆಲಸ ಅಲ್ಲ ಅನ್ಕೊಂಡೆ ಅತ್ತೆ."

ಎಲ್ಲರ ಮನೆಯ ಗೋಡೆ ಓದುವ ಅತ್ತೆ ಸೊಸೆಯ ಡ್ರಾಯರನ್ನು ಎಂದೂ ಓದಿರಲಿಲ್ಲ.

ಮನೆಗೆ ಬಂದು ಅವಳು ಯಂತ್ರದ ಮುಂದೆ ಕೂತು ಕಾಗದ ಹೊರತೆಗೆದಳು. ಅಮ್ಮನ ಅಡುಗೆಮನೆಯ ತೊಲೆ, ಎಡದಿಂದ ಎರಡನೆಯದು. ಚಿಕ್ಕವಳಿದ್ದಾಗ ಅಟ್ಟ ಹತ್ತಿ ಅದಕ್ಕೆ ಕಿವಿಗೊಟ್ಟರೆ ಒಳಗೆ ಗೆದ್ದಲು ಮೇಯುವ ಸದ್ದು ಕೇಳುತ್ತಿತ್ತು. ಅಮ್ಮ ಪ್ರತಿವರ್ಷ ಬಣ್ಣ ಬಳಿಸುತ್ತಿದ್ದಳು. ಇನ್ನು ಮುಂದೆ ಆ ತೊಲೆಯ ಕೆಳಗೆ ಇನ್ಯಾರೋ ನಿಂತು ಅಡುಗೆ ಮಾಡುತ್ತಾರೆ.

"ಸಹಿ ಆಯ್ತಾ?" ಹೊರಗಿನಿಂದ ಗಂಡನ ದನಿ.

"ಆಗತ್ತೆ," ಎಂದಳು.

ಬಟ್ಟೆಯ ಮೇಲಿನ ಗುರುತು ಅಳಿಸುವ ರಬ್ಬರನ್ನು ಹುಡುಕಿ 'ಇಲ್ಲ' ಎಂಬ ಪದದ ಪಕ್ಕದಲ್ಲಿಟ್ಟುಕೊಂಡಳು.