ಪೂರ್ವದ ಇಳಿಜಾರು

ಕ್ರೀಡಾ ಉದ್ಯಾನದ ಗೇಟಿನ ಬಳಿ ನಿಂತವನನ್ನು ಕಂಡು ಅವಳು ಮುಖ ತಿರುಗಿಸಿದಳು.

ಕಿತ್ತಳೆ ಬಣ್ಣದ ಜಾಕೆಟ್, ತಲೆಗೆ ಹೆಲ್ಮೆಟ್, ಕೈಯಲ್ಲಿ ವಾಕಿಟಾಕಿ. ಯಾರ ಮುಖವನ್ನು ಮತ್ತೆ ನೋಡಬಾರದೆಂದು ಹದಿನಾಲ್ಕು ತಿಂಗಳು ಹಲ್ಲು ಕಚ್ಚಿಕೊಂಡಿದ್ದಳೋ, ಅದೇ ಇಂಜಿನಿಯರ್.

"ಬಂದ್ಯಾ..." ಎಂದ ಅವನು ಮೆಲ್ಲಗೆ.

"ಪಾಸ್ ನೋಡಿ ಒಳಗೆ ಬಿಡಿ ನೀವು. ಸಾಕು."

ಒಂದು ಕಾಲಕ್ಕೆ ಇವರಿಬ್ಬರ ಮದುವೆಯ ಮಾತು ನಡೆದಿತ್ತು. ಆ 'ನೀವು' ಕೇಳಿ ಅವನ ಮುಖ ಸಣ್ಣದಾಯಿತು.

ಹಿಂದೆ ನಿಂತಿದ್ದ ಅಪ್ಪ ಕೆಮ್ಮಿದರು. ನಿವೃತ್ತ ವ್ಯಾಯಾಮ ಮೇಷ್ಟ್ರು. ಊರಿಗೆಲ್ಲ 'ಸೀಟಿ ಮೇಷ್ಟ್ರು'. "ಮಂಡಿ ನೋಯ್ತಿದೆ ಕಣಮ್ಮ. ಜಗಳ ಆಡೋದಿದ್ರೆ ಎಲ್ಲಾದ್ರೂ ಕೂತ್ಕೊಂಡು ಆಡಿ."

ಐದು ಕ್ರೀಡಾಂಗಣಗಳ ಈ ಉದ್ಯಾನದಲ್ಲಿ ಮುಂದಿನ ಬೇಸಿಗೆಗೆ ಅಂತರರಾಷ್ಟ್ರೀಯ ಕ್ರೀಡಾಕೂಟ. ದೊಡ್ಡ ಕ್ರೀಡಾಂಗಣದಿಂದ ಎಂಬತ್ತು ಸಾವಿರ ಜನ ಹೇಗೆ ಹೊರಗೆ ಹೋಗಬೇಕು, ಯಾವ ದಾರಿ ಎಷ್ಟು ಅಗಲ... ಎರಡು ವರ್ಷ ಆ ನಕ್ಷೆ ಬರೆದವಳು ಅವಳೇ.

ಆಮೇಲೆ ಒಂದು ಬೆಳಿಗ್ಗೆ ಕ್ರೀಡಾಕೂಟ ಸಮಿತಿಯ ಅಧ್ಯಕ್ಷರು ಒಂದು ಪತ್ರವನ್ನು ಅವಳ ಮುಂದಿಟ್ಟರು. 'ಜನ ಹೊರಗೆ ಹೋಗುವ ಪೂರ್ವದ ಇಳಿಜಾರಿನ ಲೆಕ್ಕ ತಪ್ಪಿದೆ.' ಕೆಳಗೆ, ಕಟ್ಟುವ ಕೆಲಸದ ಹೊಣೆ ಹೊತ್ತಿದ್ದ ಅವನ ಸಹಿ!

ಹಿಂದಿನ ಸಂಜೆ ಅವಳ ಮನೆಯಲ್ಲೇ ಕಾಫಿ ಕುಡಿದು, ಅದರ ಬಗ್ಗೆ ಒಂದು ಮಾತೂ ಆಡದೆ ಹೋಗಿದ್ದ.

ನನ್ನ ಕೆಲಸವನ್ನ ತನ್ನದು ಮಾಡ್ಕೊಳ್ಳೋಕೆ ಬೆನ್ನಿಗೆ ಇರಿದ... ಎಂದುಕೊಂಡಳು. ಆ ಮಧ್ಯಾಹ್ನವೇ ರಾಜೀನಾಮೆ ಕೊಟ್ಟಳು. ಅವನ ಫೋನ್ ಎತ್ತಲಿಲ್ಲ. ಈಗ ಒಂದು ಪೀಠೋಪಕರಣದ ಅಂಗಡಿಗೆ ಅಡುಗೆಮನೆ ಕಪಾಟುಗಳ ನಕ್ಷೆ ಬರೆಯುತ್ತಾಳೆ.

ಇಂದು ಉದ್ಯಾನದ ಪರೀಕ್ಷೆ. ಮೂವತ್ತು ಸಾವಿರ ಜನರನ್ನು ಕರೆಸಿದ್ದರು. ಘೋಷಣೆ ಆದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಗೆ ಹೋಗಬೇಕು. ಅಪ್ಪ ಎಲ್ಲಿಂದಲೋ ಎರಡು ಪಾಸ್ ತಂದು, ಬರಲೇಬೇಕೆಂದು ಹಟ ಹಿಡಿದಿದ್ದರು.

ಒಳಗೆ ಕಾಲಿಟ್ಟವಳು ಗಕ್ಕನೆ ನಿಂತಳು.

ನೂರು ಹೆಜ್ಜೆಗೊಂದು ಬೆಂಚು. ಬಿಸಿಲು ಬೀಳುವ ಕಡೆ ಎರಡು ಸಾಲು ಮರ. ಈಜುಕೊಳದ ಬಳಿ ಬಳಸಿ ಹೋಗುವ ದಾರಿ... ಎಲ್ಲವೂ ಅವಳು ಬರೆದಂತೆಯೇ!

ಕದಿಯೋನು ಒಂದು ಗೆರೆಯನ್ನಾದ್ರೂ ಬದಲಾಯಿಸಬೇಕಿತ್ತಲ್ಲ... ಒಂದೂ ಬದಲಾಯಿಸಿಲ್ಲ, ಯಾಕೆ?

ಹನ್ನೊಂದು ಗಂಟೆಗೆ ದೊಡ್ಡ ಕ್ರೀಡಾಂಗಣದಲ್ಲಿ ಘೋಷಣೆ ಮೊಳಗಿತು. ಅಪ್ಪನ ಕೈ ಹಿಡಿದು ಅವಳೂ ಜನರೊಂದಿಗೆ ಪೂರ್ವದ ಇಳಿಜಾರು ಇಳಿದಳು. ಎಲ್ಲ ಸಲೀಸಾಗಿತ್ತು. ಇಳಿಜಾರಿನ ಬುಡಕ್ಕೆ ಬಂದಾಗ ಎಡಗಡೆಯಿಂದ ಇನ್ನೊಂದು ಗುಂಪು ನುಗ್ಗಿತು. ಈಜುಕೊಳದವರು! ಅವರನ್ನೂ ಅದೇ ಹೊತ್ತಿಗೆ ಹೊರಗೆ ಬಿಟ್ಟಿದ್ದರು.

ಅಪ್ಪನಿಗೆ ಯಾರದೋ ಭುಜ ತಾಗಿತು. ಮಂಡಿ ಕೈಕೊಟ್ಟು ಬಲಕ್ಕೆ ವಾಲಿದರು. ಇಬ್ಬರು ಅಪರಿಚಿತರು ಹಿಡಿದುಕೊಂಡು, ಪಕ್ಕದ ಖಾಲಿ ಜಾಗದಲ್ಲಿ ಕೂರಿಸಿದರು.

ಖಾಲಿ ಜಾಗ.

ಅವಳ ನಕ್ಷೆಯಲ್ಲಿ ಅಲ್ಲಿ ಗೋಡೆ ಇತ್ತು.

ಎರಡು ಕಡೆಯ ಆಟಗಳು ಒಂದೇ ಹೊತ್ತಿಗೆ ಮುಗಿದರೆ ಏನಾಗುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ. ಎಂಬತ್ತು ಸಾವಿರ ಜನ, ಹಿಂದಿನಿಂದ ನೂಕು, ಮುಂದೆ ಇಕ್ಕಟ್ಟು, ಬಲಗಡೆ ಕಾಂಕ್ರೀಟ್ ಗೋಡೆ...

"ಅಪ್ಪ, ನಾನು... ಇಲ್ಲಿ ಗೋಡೆ ಹಾಕಿದ್ದೆ." ಅವಳು ಅಪ್ಪನ ಪಕ್ಕ ಕುಳಿತಳು. "ಲೆಕ್ಕ ನಿಜವಾಗ್ಲೂ ತಪ್ಪಿತ್ತು."

"ಗೊತ್ತು. ಅವನು ಹೇಳಿದ್ದ," ಎಂದರು ಅಪ್ಪ. "ಈ ಪಾಸ್ ಕೊಟ್ಟವನೂ ಅವನೇ. ನಾನು ಹೇಳಿದ್ರೆ ನೀನು ನಂಬ್ತಿರಲಿಲ್ಲ, ಕಣ್ಣಾರೆ ನೋಡ್ಲಿ ಅಂತ ಕರ್ಕೊಂಡು ಬಂದೆ."

ಅಷ್ಟರಲ್ಲಿ ಇಂಜಿನಿಯರ್ ಏದುಸಿರು ಬಿಡುತ್ತ ಓಡಿಬಂದ.

"ಮೇಷ್ಟ್ರೇ, ಪೆಟ್ಟಾಯ್ತಾ?"

"ನನಗೇನಾಗಿಲ್ಲ. ಅವಳನ್ನ ನೋಡು." ಅಪ್ಪ ನೀರಿನ ನೆಪ ಹೇಳಿ ಕುಂಟುತ್ತ ಎದ್ದುಹೋದರು.

"ಆ ಪತ್ರದ ಹಿಂದಿನ ಸಂಜೆ ಮನೆಗೆ ಬಂದಿದ್ಯಲ್ಲ," ಎಂದಳು ಅವಳು. "ಆಗ್ಲೇ ಗೊತ್ತಿತ್ತಾ?"

'ನೀವು' ಎಲ್ಲೋ ಬಿದ್ದುಹೋಗಿತ್ತು. ಇಬ್ಬರೂ ಗಮನಿಸಲಿಲ್ಲ.

"ಗೊತ್ತಿತ್ತು. ಹೇಳೋಕೇ ಬಂದಿದ್ದೆ. ನೀನು ಅವತ್ತು ತುಂಬ ಖುಷಿಯಾಗಿದ್ದೆ... ಬಾಯಿ ಬರಲಿಲ್ಲ. ಬೆಳಿಗ್ಗೆ ಆ ಗೋಡೆಗೆ ಕಾಂಕ್ರೀಟ್ ಹಾಕೋರಿದ್ರು, ಪತ್ರ ಕೊಟ್ಟೆ." ಅವನು ಹೆಲ್ಮೆಟ್ ತೆಗೆದ. "ತಪ್ಪನ್ನ ತಪ್ಪು ಅಂದಿದ್ದಕ್ಕೆ ಕ್ಷಮೆ ಕೇಳಲ್ಲ. ನಿನಗೆ ಮೊದಲು ಹೇಳಲಿಲ್ಲ ನೋಡು, ಅದಕ್ಕೆ ಕೇಳ್ತೀನಿ. ಅವತ್ತು ಹೆದರಿಬಿಟ್ಟೆ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ದ್ವೇಷಿಸಿದ್ದು ಯಾರನ್ನ... ಯಾತಕ್ಕೆ...

"ನೀನು ಹೇಳಿದ್ರೂ ಅವತ್ತು ನಾನು ಕೇಳ್ತಿರಲಿಲ್ಲವೇನೋ," ಎಂದಳು. "ಫೋನ್ ಕೂಡ ಎತ್ತಲಿಲ್ಲ. ನನ್ನನ್ನೂ ಕ್ಷಮಿಸಬೇಕು ನೀನು."

"ಒಂದು ಗೋಡೆ ಬಿಟ್ಟು ಮಿಕ್ಕಿದ್ದೆಲ್ಲ ನಿನ್ನದೇ. ಬದಲಾಯಿಸೋಣ ಅಂದವರ ಜೊತೆಗೆಲ್ಲ ಜಗಳ ಆಡಿದೀನಿ."

ಜನರ ಸಾಲು ಅವರನ್ನು ಬಳಸಿಕೊಂಡು ಸಾಗುತ್ತಿತ್ತು. ಅವಳು ಕೈ ಚಾಚಿ ಅವನ ಬೆರಳುಗಳನ್ನು ಹಿಡಿದಳು. ಅವನ ಅಂಗೈಯೂ ಬೆವರಿತ್ತು.

"ಇನ್ನೂ ಹೆದರ್ತೀಯಾ ನನಗೆ?"

"ಈಗ ಇನ್ನೂ ಜಾಸ್ತಿ," ಎಂದ ಅವನು. "ಮದುವೆ ಆಗ್ತೀಯಾ ಅಂತ ಕೇಳ್ಬೇಕು, ಬಾಯಿ ಬರ್ತಿಲ್ಲ."

"ಕೇಳು. ಈ ಸಲ ಓಡಿಹೋಗಲ್ಲ."