ಹಿಮ್ಮಡಿಯ ಒಂದು ಹನಿ

ನರ್ಸ್ ಅವನನ್ನು ಮೊದಲ ಸಲ ಕಂಡಾಗ ಮಗುವಿನ ಅಪ್ಪನೆಂದೇ ತಿಳಿದಳು. ಖಾಕಿ ಅಂಗಿಯ ತೋಳಿನಲ್ಲಿ ಬಿಳಿ ಬಟ್ಟೆಯ ಗಂಟು, ಗಂಟಿನೊಳಗೆ ವಾರವೂ ತುಂಬದ ಹೆಣ್ಣುಕೂಸು. ಹಿಮ್ಮಡಿಗೆ ಸೂಜಿ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ಇಳಿಸಿದಾಗ ಕೂಸಿಗಿಂತ ಮೊದಲು ಅವನ ಕಣ್ಣು ತುಂಬಿತು.

"ಅಪ್ಪ ಆದೋರು ಹೀಗಾ ಅಳೋದು? ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದು ಗದರಿದಳು. ಅವನು ತಲೆಯಾಡಿಸಿ ಕೂಸನ್ನು ಎದೆಗೆ ಒತ್ತಿ ಹಿಡಿದ.

ಕೆಲವು ತಿಂಗಳ ಹಿಂದೆ ಊರಾಚೆಯ ಅಣುಸ್ಥಾವರ ಸಿಡಿದಾಗ ಹೊಟ್ಟೆಯಲ್ಲಿದ್ದ ಮಕ್ಕಳು ಈಗ ಹುಟ್ಟುತ್ತಿದ್ದವು. ಗಾಳಿಯಲ್ಲಿ ಬಂದ ವಿಕಿರಣದ ಅಯೋಡಿನ್ ತಾಯಿಯ ಮೂಲಕ ಕೂಸಿನ ಥೈರಾಯ್ಡ್ ಗ್ರಂಥಿಗೆ ಸೇರಿರಬಹುದೆಂಬ ಭಯ ಎಲ್ಲರಿಗೂ. ಆ ಭಯ ತೀರಿಸಲು ಇದ್ದದ್ದು ಇದೊಂದು ಹನಿ.

ಸಂಜೆ ಬಸ್ ಹತ್ತಿದರೆ ಸ್ಟೀರಿಂಗ್ ಹಿಡಿದ ಹೊಸ ಡ್ರೈವರ್ ಅವನೇ. ಅವಳು ಎಂದಿನ ಹಾಗೆ ಮುಂದಿನ ಸೀಟಿನಲ್ಲಿ ಕುಳಿತಳು. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಕನ್ನಡಿಯಲ್ಲಿ ಅವನ ಕಣ್ಣು ಮೇಲೆದ್ದು, ಅವಳ ಕಣ್ಣಿಗೆ ತಾಗಿ, ಕದಿಯುವಾಗ ಸಿಕ್ಕಿಬಿದ್ದಂತೆ ರಸ್ತೆಗೆ ಓಡುತ್ತಿತ್ತು. ಬಾಣಂತಿ ಹೆಂಡತಿ ಮನೆಯಲ್ಲಿ, ಗಂಡನ ಕಣ್ಣು ಕನ್ನಡಿಯಲ್ಲಿ! ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಹೇಳಿಕೊಳ್ಳಲಾಗದ ಇನ್ನೇನೋ.

ಮರುದಿನ ಹಿಂದಿನ ಸೀಟಿಗೆ ಹೋದಳು. ಇಳಿಯುವಾಗ ಅವನು ಮೆಲ್ಲಗೆ ಹೇಳಿದ, "ಹಿಂದೆ ಕುಲುಕು ಜಾಸ್ತಿ ಕಣ್ರೀ."

"ಕುಲುಕಿದ್ರೂ ಮರ್ಯಾದೆ ಇರುತ್ತೆ," ಎಂದು ಇಳಿದೇ ಬಿಟ್ಟಳು.

ವರದಿ ಚೆನ್ನಾಗಿರಲಿಲ್ಲ. ಮತ್ತೆ ಕರೆಸಿದಾಗ ಅವನ ಜೊತೆ ಬಾಣಂತಿಯೂ ಬಂದಳು.

"ಥೈರಾಯ್ಡ್ ಸರಿಯಾಗಿ ಕೆಲಸ ಮಾಡ್ತಿಲ್ಲ," ಎಂದರು ಡಾಕ್ಟರಮ್ಮ. "ದಿನಾ ಒಂದು ಸಣ್ಣ ಮಾತ್ರೆ ಅರೆದು ಎದೆಹಾಲಲ್ಲಿ ಕೊಡಿ. ಬೇಗ ಗೊತ್ತಾಗಿದೆಯಲ್ಲ, ಚೆನ್ನಾಗಿ ಬೆಳೀತಾಳೆ."

"ಆ ಸ್ಥಾವರದಿಂದಾನಾ ಡಾಕ್ಟ್ರೇ?" ಬಾಣಂತಿಯ ದನಿ ನಡುಗಿತು.

"ಇರಬಹುದು, ಇಲ್ಲದೇನೂ ಇರಬಹುದು. ಒಂದು ಮಗೂನ ನೋಡಿ ಅದನ್ನ ಹೇಳೋಕಾಗಲ್ಲಮ್ಮ."

ಹೊರಗಿನ ಬೆಂಚಿನ ಮೇಲೆ ಬಾಣಂತಿ ಕುಸಿದಳು. "ಆವತ್ತು ಬಟ್ಟೆ ಒಣಹಾಕ್ತಾ ಹೊರಗೇ ನಿಂತಿದ್ದೆ, ಅಣ್ಣ. ಕೈಯಾರೆ ನಾನೇ ಮಾಡ್ಕೊಂಡೆ."

ಅಣ್ಣ! ಬಾಗಿಲಲ್ಲಿದ್ದ ನರ್ಸಿನ ಕಿವಿ ಬಿಸಿಯಾಯಿತು. ಮಗುವಿನ ಅಪ್ಪ ಸ್ಥಾವರದ ಸುತ್ತಲ ವಿಕಿರಣ ತಾಗಿದ ಮಣ್ಣು ತೆಗೆಯುವ ಕೆಲಸಕ್ಕೆ ಹೋಗಿದ್ದ. ಇವನು ಸೋದರಮಾವ.

ಅವಳು ಬಾಣಂತಿಯ ಪಕ್ಕ ಕುಳಿತಳು. "ಇಲ್ಲಿ ನೋಡಿ. ನನಗೂ ಹುಟ್ಟಿದಾಗಿಂದ ಇದೇ. ಆಗ ಯಾವ ಸ್ಥಾವರಾನೂ ಸಿಡಿದಿರ್ಲಿಲ್ಲ, ನಮ್ಮಮ್ಮ ಏನೂ ತಪ್ಪು ಮಾಡಿರ್ಲಿಲ್ಲ. ದಿನಾ ಮಾತ್ರೆ ನುಂಗ್ತೀನಿ. ಓದಿದೆ, ಕೆಲಸಕ್ಕೆ ಸೇರಿದೆ..." ಓರೆಗಣ್ಣಿನಿಂದ ಅವನನ್ನು ನೋಡಿ ಸೇರಿಸಿದಳು, "ಗೊತ್ತಿಲ್ಲದೆ ಜನರನ್ನ ಗದರ್ತೀನಿ."

ಬಾಣಂತಿ ಅಳುತ್ತಲೇ ನಕ್ಕಳು. ಅವನು ನಗಲಿಲ್ಲ, ನರ್ಸನ್ನೇ ನೋಡುತ್ತ ಉಳಿದ.

ಆಸ್ಪತ್ರೆಯಲ್ಲಿ ಯಾರಿಗೂ ಅವಳು ಹೇಳದ ಮಾತು ಅದು. ಹಿಂದೊಮ್ಮೆ ಗಂಡಿನ ಕಡೆಯವರು "ಹುಟ್ಟುಕಾಯಿಲೆ" ಎಂದು ಎದ್ದುಹೋಗಿದ್ದರು. ಆಮೇಲೆ ಮದುವೆಯ ಮಾತನ್ನೇ ಅವಳು ಬಿಟ್ಟಿದ್ದಳು.

ತಿಂಗಳುಗಳು ಉರುಳಿದವು. ಕೂಸಿನ ಒರಟು ಅಳು ತಿಳಿಯಾಯಿತು, ಕೆನ್ನೆ ತುಂಬಿಕೊಂಡಿತು. ಪ್ರತಿ ಪರೀಕ್ಷೆಗೂ ಸೋದರಮಾವ ತಪ್ಪದೆ ಬಂದ. ನರ್ಸ್ ಮುಂದಿನ ಸೀಟಿಗೆ ಮರಳಿದಳು.

"ಎಲ್ಲರೂ ಸಿಸ್ಟರ್ ಅಂತಾರೆ, ನೀವು ಮಾತ್ರ ಯಾಕೆ 'ರೀ' ಅಂತೀರಿ?" ಎಂದು ಒಮ್ಮೆ ಕೇಳಿದಳು.

"ನಂಗೆ ಒಬ್ಬಳು ತಂಗಿ ಸಾಕು."

ಅವಳು ನಗು ಅಡಗಿಸಲು ಕಿಟಕಿಯತ್ತ ತಿರುಗಿದಳು. ಕಿಟಕಿಯ ಗಾಜು ಅದನ್ನು ಅವನಿಗೆ ತೋರಿಸಿಬಿಟ್ಟಿತು.

ಕೂಸು ಡಾಕ್ಟರಮ್ಮನ ಮೇಜಿನ ಮೇಲೆ ತಾನಾಗಿಯೇ ಕುಳಿತು ಸ್ಟೆತಸ್ಕೋಪ್ ಎಳೆದ ದಿನ, "ಎಲ್ಲ ಹೇಗಿರಬೇಕೋ ಹಾಗಿದೆ," ಎಂದರು ಅವರು. ಆ ಸಂಜೆ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಅವನು ಇಂಜಿನ್ ಆರಿಸಿ ಅವಳತ್ತ ತಿರುಗಿದ.

"ನನ್ನ ಮದುವೆ ಆಗ್ತೀರಾ?"

"ದುಡುಕಬೇಡಿ. ನನ್ನ ಮಾತ್ರೆ ಜೀವ ಇರೋವರೆಗೂ ಇರುತ್ತೆ. ನಾಳೆ ನಮ್ಮ ಮಗೂಗೂ ಹಿಂಗೇ..." ನಾಲಿಗೆ ಕಚ್ಚಿಕೊಂಡಳು.

"'ನಮ್ಮ' ಅಂದ್ರಿ."

"ಬಾಯಿ ಜಾರ್ತು."

"ಜಾರಲಿ ಬಿಡಿ. ಆ ಮಗೂಗೂ ಪರೀಕ್ಷೆ ಮಾಡಿಸೋಣ. ಬೇಕಾದ್ರೆ ಮಾತ್ರೆ ಕೊಡೋಣ. ನನ್ನ ತಂಗಿಗಿಂತ ನುಣ್ಣಗೆ ಅರೀತೀನಿ ನಾನು."

ಅವಳು ಕಣ್ಣೊರೆಸಿಕೊಂಡಳು. "ಬೆಳಗ್ಗೆ ಮಾತ್ರೆ ತಗೊಂಡ್ರೆ ಅರ್ಧ ಗಂಟೆ ಕಾಫಿನೂ ಕುಡಿಯೋ ಹಾಗಿಲ್ಲ. ಆಗ ಮಾತಾಡಿಸಿದ್ರೆ ಸಿಡುಕ್ತೀನಿ."

"ನಾನೂ ಕುಡಿಯಲ್ಲ. ಇಬ್ಬರೂ ಕೂತು ಸಿಡುಕೋಣ."

ಅವಳು ಎದ್ದು ಬಂದು, ಗೇರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಭಾನುವಾರ ಮನೆಗೆ ಬನ್ನಿ," ಎಂದಳು. "ಅಮ್ಮನಿಗೆ ನಾನು ಹೇಳಿರ್ತೀನಿ."